ಮಾತ್ರೆ ಕೆಲಸ ಮಾಡುತ್ತಾ, ಇಲ್ವಾ? ಖಿನ್ನತೆ ಸಂಶೋಧನೆ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಖಿನ್ನತೆಯ ಔಷಧ ಮತ್ತು ಅದರ ಮೇಲೆ ನಡೆಯುವ ಸಂಶೋಧನೆ ಬಗ್ಗೆಯೇ ಇದ್ದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿ ಎಂಟು ತಿಂಗಳಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾಳೆ. ಈಗ ಚೆನ್ನಾಗೇ ಇದ್ದಾಳೆ. ಮೊನ್ನೆ ಎಲ್ಲೋ ಓದಿದಳಂತೆ, ಮೆದುಳಲ್ಲಿ ಸಿರೊಟೋನಿನ್ ಕಮ್ಮಿಯಾಗಿ ಖಿನ್ನತೆ ಬರುತ್ತೆ ಅನ್ನೋದೇ ಸುಳ್ಳು ಅಂತ. ಹಾಗಾದ್ರೆ ಈ ಮಾತ್ರೆ ಯಾಕೆ ಅಂತ ಬಿಡೋಕೆ ಹೊರಟಿದ್ದಾಳೆ. ಏನು ಹೇಳಲಿ?

ಉತ್ತರ: ನಾಳೆಯ ಮಾತ್ರೆ ಬಿಡಬೇಡ ಅಂತ ಮೊದಲು ಹೇಳಿ. ಮಿಕ್ಕಿದ್ದನ್ನು ಆಮೇಲೆ ಮಾತಾಡಬಹುದು.

ಅವರು ಓದಿದ್ದು ಬಹುಶಃ 2022ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯ ಸುದ್ದಿ. ಹಲವು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಸಿರೊಟೋನಿನ್ ಕಡಿಮೆಯಾಗುವುದೇ ಖಿನ್ನತೆಗೆ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಈ ಕ್ಷೇತ್ರದಲ್ಲಿರುವ ಅನೇಕರಿಗೆ ಇದೇನೂ ಹೊಸದಲ್ಲ. 'ಒಂದು ರಾಸಾಯನಿಕ ಕಮ್ಮಿಯಾಗಿದೆ, ಅದನ್ನು ತುಂಬಿಸ್ತೀವಿ' ಅನ್ನೋ ಕಥೆ ಹೇಳೋಕೆ ಸುಲಭ, ಕೇಳೋಕೂ ಸುಲಭ, ಅದಕ್ಕೇ ಇಷ್ಟು ವರ್ಷ ಉಳಿಯಿತು. ನನಗಂತೂ ಆ ಕಥೆ ಯಾವತ್ತೂ ಹಿಡಿಸಿಲ್ಲ.

ಆದರೆ ಕಥೆ ಬಿದ್ದುಹೋದರೆ ಮಾತ್ರೆಯೂ ಬಿದ್ದುಹೋಗಬೇಕಿಲ್ಲ, ಅಲ್ವಾ? ಈ ಔಷಧಗಳು ಸಿಕ್ಕಿದ್ದೇ ಉಲ್ಟಾ ದಾರಿಯಲ್ಲಿ. 1950ರ ದಶಕದ ಶುರುವಿನಲ್ಲಿ ಕ್ಷಯದ ರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧ ಕೊಟ್ಟಾಗ, ಕೆಲವರು ಇದ್ದಕ್ಕಿದ್ದಂತೆ ಲವಲವಿಕೆಯಿಂದ ಓಡಾಡತೊಡಗಿದ್ದನ್ನು ವೈದ್ಯರು ಗಮನಿಸಿದರು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಮೈನ್ ಎಂಬ ಔಷಧವನ್ನು ಮೊದಲು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಕೊಟ್ಟು ನೋಡಿದರು. ಅಲ್ಲಿ ಉಪಯೋಗ ಆಗಲಿಲ್ಲ, ಖಿನ್ನತೆ ಇದ್ದವರಿಗೆ ಆಯಿತು, 1957ರಲ್ಲಿ ಅದನ್ನು ಪ್ರಕಟಿಸಿದರು. ಮೊದಲು ಗುಣ ಕಂಡಿತು, ಯಾಕೆ ಗುಣವಾಯಿತು ಅನ್ನೋ ವಿವರಣೆ ಆಮೇಲೆ ಹುಟ್ಟಿತು. ಈಗ ಅಲುಗಾಡಿರೋದು ಆ ವಿವರಣೆ.

ಹಾಗಾದರೆ ಮಾತ್ರೆ ಕೆಲಸ ಮಾಡುತ್ತಾ? 2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ 522 ಟ್ರಯಲ್‌ಗಳು (ರೋಗಿಗಳಿಗೆ ಔಷಧ ಕೊಟ್ಟು ನೋಡುವ ಪರೀಕ್ಷೆಗಳು), 1,16,477 ಜನ, 21 ಔಷಧಗಳಿದ್ದವು. ಇಪ್ಪತ್ತೊಂದೂ ಬರೀ ಹುಸಿಮಾತ್ರೆಗಿಂತ (ನೋಡೋಕೆ ಮಾತ್ರೆಯಂತೆಯೇ ಇದ್ದು ಒಳಗೆ ಔಷಧ ಇಲ್ಲದ್ದು) ಮೇಲು ಅಂತ ಬಂತು. ಮೇಲು ನಿಜ, ಆದರೆ ಸರಾಸರಿ ತೆಗೆದರೆ ಸ್ವಲ್ಪವೇ ಮೇಲು. ಆ ಟ್ರಯಲ್‌ಗಳಲ್ಲಿ ಹೆಚ್ಚಿನವು ಎರಡು ತಿಂಗಳ ಆಸುಪಾಸಿನವು ಅನ್ನೋದನ್ನೂ ಮರೆಯಬಾರದು.

ನಿಮ್ಮ ತಂಗಿಗೆ ಬೇಕಿರುವ ಉತ್ತರ ಬೇರೆ ಕಡೆ ಇದೆ: ಚೆನ್ನಾಗಿರುವಾಗ ಬಿಟ್ಟರೆ ಏನಾಗುತ್ತೆ? ಬ್ರಿಟನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು, 2021ರಲ್ಲಿ ಫಲಿತಾಂಶ ಬಂತು. ತುಂಬಾ ಕಾಲ ಮಾತ್ರೆ ತಗೊಂಡು ಆರಾಮಾಗಿದ್ದ 478 ಜನರಲ್ಲಿ ಅರ್ಧದಷ್ಟು ಮಂದಿಗೆ ಔಷಧ ಮುಂದುವರಿಸಿದರು, ಮಿಕ್ಕವರಿಗೆ ನಿಧಾನವಾಗಿ ಕಡಿಮೆ ಮಾಡಿ, ಅವರಿಗೆ ಗೊತ್ತಾಗದ ಹಾಗೆ ಹುಸಿಮಾತ್ರೆಗೆ ತಂದರು. ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು ಬಿಟ್ಟವರಲ್ಲಿ ಶೇ. 56 ಮಂದಿಗೆ, ಮುಂದುವರಿಸಿದವರಲ್ಲಿ ಶೇ. 39 ಮಂದಿಗೆ. ಇದನ್ನು ಎರಡೂ ಕಡೆಯಿಂದ ಓದಿ. ಮಾತ್ರೆ ತಡೆಯುತ್ತೆ, ಆದರೆ ಎಲ್ಲರಿಗೂ ತಡೆಯಲ್ಲ. ಬಿಟ್ಟವರಲ್ಲೂ ಸುಮಾರು ಮಂದಿ ಆರಾಮಾಗಿಯೇ ಉಳಿದರು.

ನಿಮ್ಮ ತಂಗಿ ಯಾವ ಗುಂಪಿಗೆ ಸೇರುತ್ತಾರೆ ಅಂತ ಇದನ್ನು ನೋಡಿ ಹೇಳೋಕಾಗಲ್ಲ. ಹಿಂದೆ ಎಷ್ಟು ಸಲ ಖಿನ್ನತೆ ಬಂದಿತ್ತು, ಪೂರ್ತಿ ಆರಾಮಾಗಿ ಎಷ್ಟು ಕಾಲ ಆಯಿತು, ಇವುಗಳ ಮೇಲೆ ಲೆಕ್ಕ ಬದಲಾಗುತ್ತೆ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳಾದರೂ ಮುಂದುವರಿಸಿ ಅನ್ನೋದು ಸಾಮಾನ್ಯ ಸಲಹೆ. ಬಿಡಲೇಬೇಕು ಅಂತಿದ್ದರೆ ತಮ್ಮ ವೈದ್ಯರ ಹತ್ತಿರ ಹೋಗಿ 'ಬಿಡಬೇಕು ಅಂತಿದ್ದೀನಿ' ಅಂತ ನೇರವಾಗಿ ಹೇಳಲಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮೆನ್ನುವಿಕೆ ಆಗಬಹುದು. ಅದನ್ನೇ ಖಿನ್ನತೆ ವಾಪಸ್ ಬಂತು ಅಂದುಕೊಂಡು ಹೆದರುವವರೂ ಇದ್ದಾರೆ.

ಪ್ರಶ್ನೆ: ಶುಗರ್ ಇದ್ರೆ ರಕ್ತ ಪರೀಕ್ಷೆ ಇದೆ. ಬೇಜಾರನ್ನು ಅಳೆಯೋದು ಹೇಗೆ? ಈ ಅಂಕಿಗಳೆಲ್ಲ ಎಲ್ಲಿಂದ ಬರುತ್ತೆ?

ಉತ್ತರ: ಪ್ರಶ್ನಾವಳಿಯಿಂದ. ಬೇರೆ ದಾರಿ ಇನ್ನೂ ಇಲ್ಲ. ಕ್ಲಿನಿಕ್ಕಿನಲ್ಲಿ ನಿಮಗೆ ಕೊಡುವ ಒಂಬತ್ತು ಪ್ರಶ್ನೆಯ ಹಾಳೆ ಇರುತ್ತಲ್ಲ, ಅದು ಪಿಎಚ್‌ಕ್ಯೂ-9. ಕಳೆದ ಎರಡು ವಾರದ ಬಗ್ಗೆ ಕೇಳುತ್ತೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಚಾರಿಸಬೇಕು ಅಂತ ಲೆಕ್ಕ. ಟ್ರಯಲ್‌ಗಳಲ್ಲಿ ಜಾಸ್ತಿ ಬಳಸೋದು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಮಾಡಿದ ಅಳತೆ. ಅದರಲ್ಲಿ 17 ಅಂಶಗಳು, 52 ಅಂಕ, ತುಂಬೋದು ರೋಗಿಯಲ್ಲ, ಎದುರು ಕೂತು ಮಾತಾಡಿಸುವ ವೈದ್ಯರು.

ಅದರಲ್ಲೊಂದು ತಮಾಷೆ ನೋಡಿ. ನಿದ್ದೆಗೆ ಮಾತ್ರ ಮೂರು ಪ್ರಶ್ನೆ ಇದೆ: ನಿದ್ದೆ ಹತ್ತೋದು ತಡವಾಗುತ್ತಾ, ನಡುರಾತ್ರಿ ಎಚ್ಚರ ಆಗುತ್ತಾ, ಬೆಳಗಿನ ಜಾವವೇ ಎದ್ದುಬಿಡ್ತೀರಾ. ಒಂದೊಂದಕ್ಕೆ ಎರಡು ಅಂಕದಂತೆ ಒಟ್ಟು ಆರು. ಅಂದರೆ ಮನಸ್ಸು ಎಳ್ಳಷ್ಟೂ ಹಗುರಾಗದೆ, ಸುಮ್ನೆ ನಿದ್ದೆ ಬರಿಸುವ ಮಾತ್ರೆ ಕೊಟ್ಟರೂ ಅಂಕ ಇಳಿಯಬಹುದು. ಔಷಧಕ್ಕೂ ಹುಸಿಮಾತ್ರೆಗೂ ಇದೇ ಅಳತೆಯಲ್ಲಿ ಸಿಗುವ ಸರಾಸರಿ ವ್ಯತ್ಯಾಸ ಸುಮಾರು ಎರಡೇ ಅಂಕ ಅಂದಾಗ, ಸಂಶೋಧಕರು ಯಾಕೆ ಇಷ್ಟೊಂದು ಜಗಳ ಆಡ್ತಾರೆ ಅಂತ ಅರ್ಥವಾಗುತ್ತೆ. ಹಾಗಂತ ಎಲ್ಲರಿಗೂ ಎರಡೆರಡು ಅಂಕ ಇಳಿಯುತ್ತೆ ಅಂತಲ್ಲ. ಒಬ್ಬರಿಗೆ ಹದಿನೈದು ಇಳಿದಿರುತ್ತೆ, ಇನ್ನೊಬ್ಬರಿಗೆ ಏನೂ ಇಳಿದಿರಲ್ಲ.

ಪ್ರಶ್ನೆ: ಔಷಧ ಕಂಪನಿಗಳೇ ಟ್ರಯಲ್ ನಡೆಸ್ತವೆ. ನಂಬೋದು ಹೇಗೆ?

ಉತ್ತರ: ಅನುಮಾನ ಪಡೋದು ಸರಿಯೇ. 2008ರಲ್ಲಿ ಕೆಲವು ಸಂಶೋಧಕರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಡತಗಳನ್ನು ತೆಗೆದು, 12 ಖಿನ್ನತೆ ಔಷಧಗಳ 74 ಟ್ರಯಲ್‌ಗಳನ್ನು ತಾಳೆ ನೋಡಿದರು. ಎಫ್‌ಡಿಎ ಪ್ರಕಾರ ಅವುಗಳಲ್ಲಿ 38 ಗೆದ್ದಿದ್ದವು. ಆ 38ರಲ್ಲಿ 37ರ ಫಲಿತಾಂಶ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿತ್ತು. ಸೋತ ಅಥವಾ ಅನುಮಾನಾಸ್ಪದವಾದ 36ರಲ್ಲಿ 22 ಬೆಳಕಿಗೇ ಬರಲಿಲ್ಲ, 11 ಗೆದ್ದ ಹಾಗೆ ಬಣ್ಣ ಬಳಿದುಕೊಂಡು ಬಂದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬರೀ ಮೂರು! ಓದುವ ವೈದ್ಯರಿಗೆ ಬಹುತೇಕ ಎಲ್ಲವೂ ಗೆಲುವೇ ಕಂಡಿತ್ತು.

2005ರಿಂದ ದೊಡ್ಡ ವೈದ್ಯಕೀಯ ಪತ್ರಿಕೆಗಳು, ಶುರುವಿಗೇ ಸಾರ್ವಜನಿಕವಾಗಿ ನೋಂದಾಯಿಸದ ಟ್ರಯಲ್ ಅನ್ನು ಪ್ರಕಟಿಸಲ್ಲ ಅಂತ ಪಟ್ಟು ಹಿಡಿದಿವೆ. ಮೊದಲೇ ನೋಂದಾಯಿಸಿದ್ದರೆ ಸೋಲನ್ನು ಮುಚ್ಚಿಡೋದು ಕಷ್ಟ. ಆದರೆ ಮುಚ್ಚಿಡೋದು ಪೂರ್ತಿ ನಿಂತಿದೆ ಅಂತ ನಾನು ಹೇಳಲ್ಲ.

ಪ್ರಶ್ನೆ: ಹುಸಿಮಾತ್ರೆ ತಗೊಂಡವರಲ್ಲೂ ಎಷ್ಟೋ ಜನ ಹುಷಾರಾಗ್ತಾರಂತೆ. ಹಾಗಾದ್ರೆ ಇದು ಬರೀ ಮನಸ್ಸಿನ ಭ್ರಮೆ ಅಂತ ನಮ್ಮ ಮಾವ ಅಂತಾರೆ.

ಉತ್ತರ: ಮಾವನವರಿಗೆ ನಮಸ್ಕಾರ ಹೇಳಿ. ಈ ಟ್ರಯಲ್‌ಗಳಲ್ಲಿ ಹುಸಿಮಾತ್ರೆ ತಗೊಂಡವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಸುಧಾರಿಸ್ತಾರೆ, ಅದು ನಿಜ. ಆದರೆ ಅವರಿಗೆ ಸಿಕ್ಕಿದ್ದು ಬರೀ ಮಾತ್ರೆಯಲ್ಲ. ಪ್ರತಿ ವಾರವೋ ಎರಡು ವಾರಕ್ಕೋ ಒಬ್ಬರು ಎದುರು ಕೂತು, ನಿದ್ದೆ ಬಂತಾ, ಊಟ ಸೇರ್ತಾ, ಸಾಯಬೇಕು ಅನಿಸ್ತಾ ಅಂತ ತಾಳ್ಮೆಯಿಂದ ಕೇಳ್ತಾರೆ. ಜೊತೆಗೆ ಖಿನ್ನತೆ ಕೆಲವರಲ್ಲಿ ತಾನಾಗೇ ಇಳಿಯುತ್ತೆ, ಮತ್ತು ಜನ ಟ್ರಯಲ್‌ಗೆ ಸೇರೋದು ಸಾಮಾನ್ಯವಾಗಿ ತೀರಾ ಕೆಟ್ಟ ಹೊತ್ತಿನಲ್ಲಿ, ಹಾಗಾಗಿ ಏನೂ ಕೊಡದಿದ್ದರೂ ಆಮೇಲೆ ಸ್ವಲ್ಪ ಸುಧಾರಿಸೋ ಸಾಧ್ಯತೆ ಇರುತ್ತೆ. ಹುಸಿಮಾತ್ರೆಗೆ ನೋವು ಕೂಡ ಕಮ್ಮಿಯಾಗುತ್ತೆ, ನೋವನ್ನು ಯಾರೂ ಭ್ರಮೆ ಅನ್ನಲ್ಲ.

ಪ್ರಶ್ನೆ: ಖಿನ್ನತೆ ಬರುತ್ತಾ ಅಂತ ಜೀನ್ ಪರೀಕ್ಷೆ ಮಾಡಿಸಬಹುದಾ?

ಉತ್ತರ: ದುಡ್ಡು ಉಳಿಸಿ. ಒಂದು ಜೀನ್ ಕಾರಣ ಅಂತ 2003ರಲ್ಲಿ ಭಾರಿ ಸದ್ದಾಗಿತ್ತು, 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿಯಲ್ಲಿ ಹುಡುಕಿದಾಗ ಆ ನಂಟು ಸಿಗಲಿಲ್ಲ. ನೂರಾರು ಜೀನ್‌ಗಳು ಚೂರು ಚೂರು ಪಾತ್ರ ವಹಿಸ್ತವೆ.

ಪ್ರಶ್ನೆ: ಅಣ್ಣನಿಗೆ ಎರಡು ಔಷಧ ಬದಲಾಯಿಸಿದ್ದಾಯಿತು, ಗುಣ ಕಾಣ್ತಿಲ್ಲ. ಕೆಟಮೈನ್ ಅಂತ ಹೊಸದು ಬಂದಿದೆಯಂತೆ, ಗಂಟೆಗಳಲ್ಲೇ ಕೆಲಸ ಮಾಡುತ್ತಂತೆ. ಟ್ರಯಲ್‌ಗೆ ಸೇರ್ತೀರಾ ಅಂತಲೂ ಕೇಳಿದ್ದಾರೆ.

ಉತ್ತರ: ಮೊದಲ ಔಷಧಕ್ಕೇ ಪೂರ್ತಿ ಗುಣವಾಗೋದು ಮೂವರಲ್ಲಿ ಒಬ್ಬರು. ಅಮೆರಿಕದ ಸ್ಟಾರ್-ಡಿ ಎಂಬ ಅಧ್ಯಯನ ಸುಮಾರು 4,000 ಜನರಲ್ಲಿ ಕಂಡದ್ದು ಇದನ್ನೇ. ಎರಡನೇದಕ್ಕೂ ಹೆಚ್ಚೂಕಡಿಮೆ ಅಷ್ಟೇ, ಮೂರನೇದಕ್ಕೆ ಹೋದಾಗ ತುಂಬಾ ಇಳಿಯಿತು. ಹಾಗಾಗಿ ನಿಮ್ಮ ಅಣ್ಣ ಒಬ್ಬರೇ ಅಲ್ಲ.

ಕೆಟಮೈನ್ ಅರಿವಳಿಕೆ ಔಷಧವಾಗಿ ಹಳೆಯದು. ಖಿನ್ನತೆಗೆ ಗಂಟೆಗಳಲ್ಲೇ ಪರಿಣಾಮ ಕಾಣೋದು ನಿಜ, ಅದರ ಸೋದರ ಔಷಧ ಎಸ್‌ಕೆಟಮೈನ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಒಂದು ಡೋಸಿನ ಗುಣ ಸಾಮಾನ್ಯವಾಗಿ ದಿನಗಳಲ್ಲೇ ಇಳಿಯುತ್ತೆ, ಬಿಪಿ ಏರುತ್ತೆ, ಚಟದ ಭಯವೂ ಇದೆ. ವೈದ್ಯರ ಕಣ್ಣೆದುರೇ ಕೊಡಬೇಕು.

ಟ್ರಯಲ್‌ಗೆ ಸೇರೋದು ತಪ್ಪೇನಲ್ಲ. ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿ, ಅಲ್ಲೇ ಸಹಿ ಹಾಕಬೇಡಿ. ಈಗಿನ ಮಾತ್ರೆ ನಿಲ್ಲಿಸಬೇಕಾ, ಹುಸಿಮಾತ್ರೆ ಬರುವ ಸಾಧ್ಯತೆ ಎಷ್ಟು, ಮಧ್ಯೆ ಜಾಸ್ತಿಯಾದರೆ ರಾತ್ರಿ ಹೊತ್ತಲ್ಲೂ ಫೋನ್ ಎತ್ತುವವರು ಯಾರು, ಟ್ರಯಲ್ ಮುಗಿದ ಮೇಲೆ ಚಿಕಿತ್ಸೆ ಕೊಡ್ತಾರಾ ಅಂತ ಕೇಳಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ಅಣ್ಣನಿಗಿದೆ. ಸಾಯುವ ಯೋಚನೆ ಬರ್ತಿದ್ದರೆ ಮಾತ್ರ ಟ್ರಯಲ್ಲಿಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಅದಕ್ಕೂ ಮೊದಲು ಹಳೆಯ ಚೀಟಿಗಳನ್ನು ತೆಗೆದು ನೋಡಿ. ಆ ಎರಡು ಔಷಧಗಳೂ ಸಾಕಷ್ಟು ಡೋಸಿನಲ್ಲಿ, ಆರು ವಾರವಾದರೂ ಹೊಟ್ಟೆಗೆ ಹೋಗಿದ್ದವಾ? ಮಾತಿನ ಚಿಕಿತ್ಸೆ ಒಮ್ಮೆಯಾದರೂ ಆಗಿತ್ತಾ? ಎರಡಕ್ಕೂ ಇಲ್ಲ ಅನ್ನೋದೇ ಉತ್ತರವಾದರೆ, ಕೆಟಮೈನ್ ಮಾತು ಇನ್ನೂ ಬೇಗ ಆಯಿತು.