ಮಲೆನಾಡಿನ ಮಳೆಯಲ್ಲಿ ಮಗುವಿನ ಲಂಗೋಟಿ

ಪ್ರಶ್ನೆ: ನನ್ನ ಮಗಳಿಗೆ ಮೂರು ತಿಂಗಳು. ಬಾಣಂತನಕ್ಕೆ ತವರಿನಲ್ಲಿದ್ದೇನೆ. ಅಮ್ಮ ಹಳೆಯ ಪಂಚೆ, ಹತ್ತಿ ಸೀರೆಗಳನ್ನು ಹರಿದು ಮಾಡಿದ ಲಂಗೋಟಿಗಳನ್ನೇ ಕಟ್ಟುತ್ತಾರೆ. ಮಳೆ ಹಿಡಿದ ಮೇಲೆ ಅವು ಒಣಗುತ್ತಿಲ್ಲ, ಮುಗ್ಗಲು ವಾಸನೆ ಬರುತ್ತಿದೆ, ಮಗುವಿನ ತೊಡೆಸಂದಿಯೂ ಕೆಂಪಾಗಿದೆ. ಬಟ್ಟೆಯನ್ನೇ ಮುಂದುವರಿಸಲೇ, ಅಂಗಡಿಯ ಡೈಪರ್ ತರಿಸಲೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಬಟ್ಟೆಯನ್ನು ಬಿಡಬೇಕಾಗಿಲ್ಲ. ಆದರೆ ಅರೆಬರೆ ಒಣಗಿದ ಬಟ್ಟೆಯನ್ನು ಮಾತ್ರ ಎಷ್ಟೇ ಅವಸರವಿದ್ದರೂ ಮಗುವಿಗೆ ಕಟ್ಟಬೇಡಿ. ತೇವ ಮತ್ತು ಉಜ್ಜುವಿಕೆಯಿಂದ ಮೆತ್ತಗಾದ ಚರ್ಮಕ್ಕೆ ಮೂತ್ರ ಮತ್ತು ಮಲ ಒಟ್ಟಾಗಿ ತಾಗಿದಾಗ, ಅಲ್ಲಿ ಕ್ಷಾರತೆ ಹೆಚ್ಚಿ ಮಲದಲ್ಲಿರುವ ಕಿಣ್ವಗಳು ಚುರುಕಾಗುತ್ತವೆ. ಕೆಂಪು ಏಳುವುದು ಹೀಗೆ. ಅಂಗಡಿಯ ಡೈಪರನ್ನೂ ಗಂಟೆಗಟ್ಟಲೆ ಬದಲಿಸದೆ ಬಿಟ್ಟರೆ ಇದೇ ಆಗುತ್ತದೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತಲೂ ತಲೆಮಾರುಗಳ ಮಕ್ಕಳು ಬಟ್ಟೆಯಲ್ಲೇ ಬೆಳೆದಿದ್ದಾರೆ. ನಿಮ್ಮ ಅಮ್ಮ ಆರಿಸಿರುವ ಹಳೆಯ ಪಂಚೆ ಇದಕ್ಕೆ ಬಹಳ ಒಳ್ಳೆಯದು: ಒಗೆದು ಒಗೆದು ಮೆತ್ತಗಾದ ತೆಳು ಹತ್ತಿ ನೀರನ್ನು ಚೆನ್ನಾಗಿ ಹೀರುತ್ತದೆ, ಬಿಡಿಸಿ ಹರವಿದರೆ ಒಂದೇ ಪದರವಾಗಿ ಬೇಗ ಒಣಗುತ್ತದೆ. ಹಲವು ಪದರಗಳನ್ನು ಸೇರಿಸಿ ಹೊಲಿದ ದಪ್ಪ ಪ್ಯಾಡುಗಳು ಆಷಾಢದಲ್ಲಿ ಎರಡು ದಿನವಾದರೂ ಒಳಗೆ ತಣ್ಣಗೇ ಇರುತ್ತವೆ. ಈ ವಯಸ್ಸಿನಲ್ಲಿ ದಿನಕ್ಕೆ 10–12 ಬಾರಿ ಬದಲಿಸಬೇಕಾಗುವುದರಿಂದ, ಮಳೆಗಾಲಕ್ಕೆ 36 ಲಂಗೋಟಿಗಳಾದರೂ ಕೈಯಲ್ಲಿರಲಿ. ಫ್ಯಾನಿನ ಕೆಳಗೆ ಒಂದರ ಮೇಲೊಂದು ಬೀಳದಂತೆ ಹರವಿ, ಕೊನೆಗೆ ಬಿಸಿ ಇಸ್ತ್ರಿ ಹಾಕಿ ಉಳಿದ ತೇವವನ್ನು ತೆಗೆಯಿರಿ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ರೂಢಿ ನಮ್ಮಲ್ಲಿದೆಯಾದರೂ ಹೊಗೆ, ಮಸಿ ಹಿಡಿದ ಬಟ್ಟೆ ಎಳೆಯ ಚರ್ಮಕ್ಕೆ ಹಿತವಲ್ಲ.

ಒಗೆಯುವಾಗ ಮಲವನ್ನು ಮೊದಲು ತಣ್ಣೀರಿನಲ್ಲಿ ಬಿಡಿಸಿ, ಆಮೇಲೆ ಹಂಡೆಯ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಪರಿಮಳಕ್ಕೆಂದು ಹಾಕುವ ಕಂಡಿಷನರ್ ಎಳೆಗಳ ಮೇಲೆ ಲೇಪದಂತೆ ಕುಳಿತು ಹೀರುವ ಗುಣವನ್ನು ಕುಗ್ಗಿಸುತ್ತದೆ, ಅದು ಬೇಡ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳಲೇಬೇಕು. ಹಳೆಯ ಪಂಚೆ, ಸೀರೆಗಳು ಸಾಮಾನ್ಯವಾಗಿ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇದ್ದವುಗಳು. ಆ ಗುಳಿಗೆ ನ್ಯಾಫ್ತಲಿನ್‌ನದಾಗಿದ್ದು, ಮಗುವಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದರೆ, ಬಟ್ಟೆಗೆ ಹತ್ತಿದ ಅದರ ಅಂಶದಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಗಂಭೀರವಾಗಬಹುದು. ಕೊರತೆಯಿದೆಯೇ ಎಂಬುದು ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲವಾದ್ದರಿಂದ, ಮಗುವಿನ ಬಟ್ಟೆಯಿರುವ ಕಪಾಟಿನಲ್ಲಿ ಆ ಗುಳಿಗೆ ಇರಲೇಬಾರದು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗಿನ ಕೆಂಪಿಗೆ, ಪ್ರತಿ ಸಲ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಸ್ವಲ್ಪ ಹೊತ್ತು ಬಟ್ಟೆ ಕಟ್ಟದೆ ಗಾಳಿಗೆ ಬಿಟ್ಟು, ಝಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಪೌಡರ್ ಉದುರಿಸಬೇಡಿ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಕಡಿಮೆಯಾಗದೆ, ಚರ್ಮದ ಮಡಿಕೆಗಳ ಒಳಗೂ ಗಾಢ ಕೆಂಪು ಹಬ್ಬಿ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅದು ಬಹುಶಃ ಶಿಲೀಂಧ್ರದ ಸೋಂಕು. ಮಕ್ಕಳ ವೈದ್ಯರಿಗೆ ತೋರಿಸಿ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮನ್ನು ಕೇಳದೆ ಹಚ್ಚಬೇಡಿ, ಏಕೆಂದರೆ ಅವುಗಳಲ್ಲಿ ಹಲವಕ್ಕೆ ಬಲವಾದ ಸ್ಟಿರಾಯ್ಡ್ ಬೆರೆಸಿರುತ್ತಾರೆ.

ರಾತ್ರಿ ಮತ್ತು ಪ್ರಯಾಣಕ್ಕೆ ಅಂಗಡಿಯ ಡೈಪರ್ ಬಳಸಿದರೆ ತಪ್ಪೇನಿಲ್ಲ. ಬಾಣಂತಿಗೂ ನಿದ್ದೆ ಬೇಕು. ಬಳಸಿದ ಡೈಪರನ್ನು ಹಂಡೆ ಒಲೆಗೆ ಮಾತ್ರ ಹಾಕಬೇಡಿ, ಅದರೊಳಗಿನ ಪ್ಲಾಸ್ಟಿಕ್ ಉರಿದ ಹೊಗೆ ಮನೆಯೊಳಗೇ ಸುತ್ತುತ್ತದೆ. ಕಾಗದದಲ್ಲಿ ಸುತ್ತಿಟ್ಟು, ಪಂಚಾಯಿತಿಯ ಕಸದ ಗಾಡಿ ಬಂದಾಗ ಬೇರೆಯಾಗಿ ಕೊಡಿ.