ಕೇಳಿ, ಹೇಳ್ತೀನಿ: ಸೊಟೊ ಹೋದದ್ದು ನಷ್ಟವೇ?

ಪ್ರಶ್ನೆ: ಅಕ್ಕಾ, ರಾತ್ರಿ ಪಾಳಿಯಿಂದಾಗಿ ಬೇಸ್‌ಬಾಲ್ ಹುಚ್ಚು ಹಿಡಿಯಿತು. 2024ರ ಕೊನೆಗೆ ನ್ಯೂಯಾರ್ಕಿನ ಯಾಂಕೀಸ್ ತಂಡ ತನ್ನ ಬ್ಯಾಟರ್ ಹುವಾನ್ ಸೊಟೊನನ್ನು ಕೈಬಿಟ್ಟದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ತಪ್ಪಲ್ಲವೇ?
– ಓದುಗ, ಡೊಂಬಿವಲಿ

ಉತ್ತರ: ಕೈಬಿಡಲಿಲ್ಲ ತಮ್ಮಾ, ಅವನೇ ಹೋದ. ಒಪ್ಪಂದ ಮುಗಿದಿತ್ತು, ಐಪಿಎಲ್‌ನಂತೆ ‘ರಿಟೇನ್’ ಮಾಡಿಕೊಳ್ಳುವ ಹಕ್ಕು ಅಲ್ಲಿಲ್ಲ. ಅದೇ ಊರಿನ ಇನ್ನೊಂದು ತಂಡ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು. ಯಾಂಕೀಸ್ 76 ಕೋಟಿಯವರೆಗೂ ಹೋಗಿತ್ತಂತೆ.

ನನಗೆ ನೋವಾದದ್ದು ಅದಕ್ಕೂ ಮೊದಲು. ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ನಮಗಿಲ್ಲಿ ನರಕ ಚತುರ್ದಶಿಯ ಬೆಳಗು. ಮಾಟುಂಗದ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಮೊಬೈಲ್ ಹಿಡಿದು ಕೂತಿದ್ದೆ, ಅಮ್ಮ ಬಚ್ಚಲಿನಿಂದ ನೀರು ಆರುತ್ತದೆಂದು ಕೂಗುತ್ತಿದ್ದರು. ನಾವು ಯಾಂಕೀಸ್‌ನವರು 5–0 ಮುಂದಿದ್ದೆವು. ಐದನೇ ಇನಿಂಗ್ಸ್‌ನಲ್ಲಿ ನಮ್ಮ ಆಟಗಾರ ಆರನ್ ಜಡ್ಜ್ ಸುಲಭದ ಕ್ಯಾಚ್ ಬಿಟ್ಟ, ವೋಲ್ಪೆಯ ಎಸೆತ ತಪ್ಪಿತು, ಚೆಂಡೆಸೆಯುವ ಪಿಚರ್ ಕೋಲ್, ಬ್ಯಾಟರ್‌ಗಿಂತ ಮುಂಚೆ ಮುಟ್ಟಿ ಔಟ್ ಮಾಡಬೇಕಿದ್ದ ಮೊದಲ ಬೇಸ್‌ಗೆ ಓಡಲೇ ಇಲ್ಲ. ಐದು ರನ್ನಿನ ಮುನ್ನಡೆಯೂ ಹೋಯಿತು. 7–6ಕ್ಕೆ ಸೋತು ಸರಣಿಯೂ ಹೋಯಿತು. ಅವತ್ತು ಕೈಕೊಟ್ಟದ್ದು ಬ್ಯಾಟಲ್ಲ, ಫೀಲ್ಡಿಂಗ್.

ಅದಕ್ಕೇ ಆಮೇಲಿನ ಖರೀದಿ ನನಗೆ ಒಪ್ಪಿಗೆಯಾಯಿತು. ಎಡಗೈ ಪಿಚರ್ ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷ, 21.8 ಕೋಟಿ ಡಾಲರ್, 2025ರಲ್ಲಿ ಅವನು 19 ಪಂದ್ಯ ಗೆಲ್ಲಿಸಿದ. ಔಟ್‌ಫೀಲ್ಡ್‌ಗೆ ಬೆಲಿಂಜರ್ ಬಂದ. ಮೊದಲ ಬೇಸ್‌ಗೆ ಗೋಲ್ಡ್‌ಷ್ಮಿಟ್, ಒಂದೇ ವರ್ಷಕ್ಕೆ. ಯಾವ ಚೆಂಡು ಹೊಡೆಯಬೇಕು, ಯಾವುದು ಬಿಡಬೇಕು ಎಂದು ಗುರುತಿಸುವ ಸೊಟೊನಂಥ ಕಣ್ಣಿನ ಬ್ಯಾಟರ್ ಮತ್ತೆ ಸಿಗುವುದು ಕಷ್ಟ, ನಿಜ. ಆದರೆ ಒಬ್ಬನಿಗೆ ಸುರಿಯಬೇಕಿದ್ದ ದುಡ್ಡಲ್ಲಿ ಮೂರು ಕಡೆಯ ತೂತು ಮುಚ್ಚಿದರು. ನಾನಿದ್ದರೂ ಹಾಗೇ ಮಾಡುತ್ತಿದ್ದೆ.