1978ರ ಮನೆಯ ವೈರಿಂಗ್: ಡಿಬಿ ಬದಲಿಸಿ ಎಂಸಿಬಿ ಹಾಕಿದರೆ ಸಾಕೇ?

ನೀವು ಬರೆದಿರುವುದು ಇಷ್ಟು: ಮೈಸೂರಿನಲ್ಲಿ 1978ರಲ್ಲಿ ಕಟ್ಟಿದ ಮನೆ, ಗೋಡೆ ಮೇಲೆ ಮರದ ರೀಪರಿನ ವೈರಿಂಗ್, ಮೀಟರ್ ಬೋರ್ಡಿನಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು. ಗೀಸರ್ ಉರಿಯುವಾಗ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. "ಹಳೇ ಬೋರ್ಡ್ ಕಿತ್ತು ಡಿಬಿ ಕೂರಿಸಿ, 16 ಆಂಪಿಯರ್ ಎಂಸಿಬಿ ಹಾಕಿದರೆ ಸರಿಹೋಗುತ್ತೆ, ವೈರು ಮುಟ್ಟೋದು ಬೇಡ" ಎಂದು ಎಲೆಕ್ಟ್ರಿಷಿಯನ್ ಹೇಳಿದ್ದಾರೆ. (ಡಿಬಿ ಎಂದರೆ ಮನೆಯ ಸಾಲುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಎಂಸಿಬಿ ಎಂದರೆ ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಬಿದ್ದು ಸಾಲು ಕತ್ತರಿಸುವ ಸ್ವಿಚ್ಚು.) ಅಷ್ಟು ಸಾಕೇ?

ಸಾಲದು. ಬರೀ ಅಷ್ಟು ಮಾಡಿಸಿದರೆ ಮನೆ ಈಗಿರುವುದಕ್ಕಿಂತ ಹೆಚ್ಚು ಅಪಾಯಕ್ಕೆ ಬೀಳುತ್ತದೆ. ಲೆಕ್ಕ ನೋಡಿ. 2000 ವಾಟ್ ಗೀಸರ್ 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 1000 ವಾಟ್ ಇಸ್ತ್ರಿ ಪೆಟ್ಟಿಗೆ 4.3. ಎರಡೂ ಸೇರಿ 13. ಆ ಕಾಲದ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಬಹಳ ಸಾಮಾನ್ಯ, ಅದರಲ್ಲೂ ಲೈಟು ಮತ್ತು ಚಿಕ್ಕ ಪ್ಲಗ್‌ಗಳಿಗೆ 1.5 ಚದರ ಮಿ.ಮೀ. ಎಳೆ. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಸುಮಾರು 60% ಮಾತ್ರ. ಆ ವೈರಿಗೆ 10 ಆಂಪಿಯರೇ ಹೆಚ್ಚು. ಫ್ಯೂಸ್ ಹೋಗುತ್ತಿದೆ ಎಂದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಅಲ್ಲಿಗೆ 16 ಆಂಪಿಯರ್ ಎಂಸಿಬಿ ಬಂದರೆ 13 ಆಂಪಿಯರಿಗೆ ಅದು ಎಂದೂ ಬೀಳುವುದಿಲ್ಲ. ಎಂಸಿಬಿಯ ಮಾನದಂಡದ ಪ್ರಕಾರ ತನ್ನ ರೇಟಿಂಗಿನ 1.13 ಪಟ್ಟು, ಅಂದರೆ 18 ಆಂಪಿಯರನ್ನು, ಅದು ಒಂದು ಗಂಟೆ ಬೀಳದೆ ಹೊರಬೇಕು. 1.45 ಪಟ್ಟು, ಅಂದರೆ 23 ಆಂಪಿಯರ್ ಹರಿದರೂ ಬೀಳಲು ಒಂದು ಗಂಟೆಯವರೆಗೆ ತೆಗೆದುಕೊಳ್ಳಬಹುದು. ಆ ಹೊತ್ತಿಗೆ ರೀಪರಿನ ಮೇಲಿನ ವೈರು ಮೆತ್ತಗಾಗಿರುತ್ತದೆ, ಕೆಳಗಿರುವುದು ಐವತ್ತು ವರ್ಷ ಒಣಗಿದ ಮರ. ಎಂಸಿಬಿ ಕಾಯುವುದು ವೈರನ್ನು, ಗೀಸರನ್ನಲ್ಲ. ಆದ್ದರಿಂದ ಮೊದಲು ವೈರು, ಆ ವೈರಿನ ಬಲಕ್ಕೆ ತಕ್ಕ ಎಂಸಿಬಿ ಆಮೇಲೆ.

ನಿಮ್ಮದು ಯಾವ ವೈರು ಎಂದು ತಿಳಿಯಲು ಮೇನ್ ಆಫ್ ಮಾಡಿ, ಟೆಸ್ಟ್ ಲ್ಯಾಂಪಿನಲ್ಲಿ ಕರೆಂಟ್ ಇಲ್ಲ ಎಂದು ಖಚಿತಪಡಿಸಿಕೊಂಡು ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ. ಎಳೆ ಬೆಳ್ಳಗೆ ಕಂಡ ಕೂಡಲೇ ಅಲ್ಯೂಮಿನಿಯಂ ಎನ್ನಬೇಡಿ. ರಬ್ಬರ್ ಹೊದಿಕೆಯ ಹಳೆಯ ವೈರುಗಳಲ್ಲಿ ತಾಮ್ರಕ್ಕೆ ತವರದ ಲೇಪ ಇರುತ್ತಿತ್ತು. ಬ್ಲೇಡಿನಿಂದ ಕೆರೆದಾಗ ಒಳಗೆ ಕೆಂಪು ಕಂಡರೆ ತಾಮ್ರ, ಒಳಗೂ ಬಿಳಿ ಇದ್ದು ಎರಡು ಮೂರು ಸಲ ಬಗ್ಗಿಸಿದರೆ ಮುರಿದರೆ ಅಲ್ಯೂಮಿನಿಯಂ. ತಾಮ್ರವೇ ಇದ್ದರೂ ಹೊದಿಕೆ ನೋಡಿ. ಸೀಲಿಂಗ್ ರೋಸ್ ಹತ್ತಿರ, ಬಲ್ಬ್ ಹೋಲ್ಡರ್ ಹತ್ತಿರ ಬಿಸಿಗೆ ಒಣಗಿ ಬಿಸ್ಕತ್ತಿನಂತೆ ಉದುರುತ್ತಿದ್ದರೆ ಆ ವೈರಿನ ಆಯುಷ್ಯ ಮುಗಿದಿದೆ. ಅಲ್ಯೂಮಿನಿಯಂ ತುದಿಗೆ ಹೊಸ ತಾಮ್ರದ ವೈರು ತಿರುಚಿ ಟೇಪ್ ಸುತ್ತಲು ಮಾತ್ರ ಯಾರನ್ನೂ ಬಿಡಲೇಬೇಡಿ. ಎರಡು ಲೋಹ ಸೇರಿದ ಕಡೆ ತೇವಕ್ಕೆ ಅಲ್ಯೂಮಿನಿಯಂ ಕೊರೆಯುತ್ತದೆ, ಬಿಸಿಯಾಗಿ ಆರಿ ಕೀಲು ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿ. ಕಂಬದಿಂದ ಬರುವ ಸರ್ವಿಸ್ ವೈರು ಅಲ್ಯೂಮಿನಿಯಂ ಆಗಿದ್ದರೆ ಅದು ತಾಮ್ರಕ್ಕೆ ಕೂಡುವ ಕಡೆ ಎರಡೂ ಲೋಹಕ್ಕೆಂದೇ ಮಾಡಿದ ಬೈಮೆಟಲ್ ಲಗ್ ಹಾಕಿಸಬೇಕು. ಮೀಟರಿನ ಸೀಲ್ ಇರುವ ಭಾಗವನ್ನು ಸೆಸ್ಕ್ (ಮೈಸೂರಿಗೆ ವಿದ್ಯುತ್ ಪೂರೈಸುವ ನಿಗಮ) ಸಿಬ್ಬಂದಿಯೇ ಮುಟ್ಟಬೇಕು, ನಿಮ್ಮ ಎಲೆಕ್ಟ್ರಿಷಿಯನ್ ಅಲ್ಲ.

ಇನ್ನು ಹೊಸ ವೈರು. ಹಳೆಯ ಮೇಸ್ತ್ರಿಗಳು ಈಗಲೂ 3/22, 7/20 ಎಂದೇ ಹೇಳುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಗೇಜು. 3/22 ಎಂದರೆ ಸುಮಾರು 1.2 ಚದರ ಮಿ.ಮೀ., 7/22 ಎಂದರೆ 2.8, 7/20 ಎಂದರೆ 4.6. ಅಂಗಡಿಯಲ್ಲಿ ಚದರ ಮಿ.ಮೀ. ಲೆಕ್ಕದಲ್ಲೇ ಕೇಳಿ. ತಾಮ್ರದ್ದು, ಐಎಸ್‌ಐ ಗುರುತಿನದು, ಬೆಂಕಿ ಹಬ್ಬಿಸದ ಎಫ್‌ಆರ್ ಅಥವಾ ಹೊಗೆಯೂ ಕಡಿಮೆ ಬಿಡುವ ಎಫ್‌ಆರ್‌ಎಲ್‌ಎಸ್ ಹೊದಿಕೆಯದು. ಲೈಟು, ಫ್ಯಾನಿಗೆ 1.5 ಹಾಕಿ ಅದಕ್ಕೆ 6 ಅಥವಾ 10 ಆಂಪಿಯರ್ ಎಂಸಿಬಿ. 16 ಆಂಪಿಯರ್ ಪ್ಲಗ್‌ಗೆ 2.5, ಅದಕ್ಕೆ 16ರ ಎಂಸಿಬಿ. ಗೀಸರಿಗೂ ಎಸಿಗೂ 4, ಅದಕ್ಕೆ 20. ಎರಡು ಕಿಲೋವಾಟ್ ಗೀಸರಿಗೆ 2.5 ಸಾಕು, ಆದರೆ ನಾಳೆ ಯಾರಾದರೂ 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ ತಂದರೆ 13 ಆಂಪಿಯರ್ ಆಗುತ್ತದೆ, ಆಗ ಗೋಡೆ ಒಡೆಯುವುದಕ್ಕಿಂತ ಈಗಲೇ 4 ಹಾಕಿಸುವುದು ಮೇಲು. ಮೀಟರಿನಿಂದ ಡಿಬಿಗೆ 10 ಚದರ ಮಿ.ಮೀ.

ಎಷ್ಟು ಬೇಕೆಂಬ ಅಂದಾಜು ನೀವೇ ಹಾಕಬಹುದು. ಡಿಬಿಯಿಂದ ಗೀಸರಿಗೆ ವೈರು ಹೋಗುವ ದಾರಿ (ನೇರ ದೂರವಲ್ಲ, ಏರಿಳಿತ ಸೇರಿಸಿ) 12 ಮೀಟರ್ ಇದ್ದರೆ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 36 ಮೀಟರ್, ಹತ್ತಿಪ್ಪತ್ತು ಅಂಗುಲದ ತುದಿಗಳಿಗೆಂದು ಶೇಕಡ 10 ಹೆಚ್ಚು. ಕಾಯಿಲ್ ಸಾಮಾನ್ಯವಾಗಿ 90 ಮೀಟರ್. ಹೀಗೆ ಪ್ರತಿ ಸಾಲಿಗೂ ಬರೆದು ಕೂಡಿದರೆ ಎಲೆಕ್ಟ್ರಿಷಿಯನ್ ಕೊಟ್ಟ ಪಟ್ಟಿ ಹೆಚ್ಚೋ ಕಡಿಮೆಯೋ ಗೊತ್ತಾಗುತ್ತದೆ. ಬಣ್ಣದಲ್ಲಿ ಜಿಪುಣತನ ಬೇಡ: ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಉಳಿದ ತುಂಡು ಕೆಂಪು ವೈರನ್ನು ನ್ಯೂಟ್ರಲಿಗೆ ಬಳಸಿದರೆ ಹತ್ತು ವರ್ಷದ ನಂತರ ಬೋರ್ಡ್ ಬಿಚ್ಚುವವನ ಜೀವಕ್ಕೆ ಸಂಚಕಾರ.

ಡಿಬಿ ವಿಷಯಕ್ಕೆ ಬಂದರೆ, ಮೀಟರಿನಿಂದ ಬಂದದ್ದು ಮೊದಲು 40 ಆಂಪಿಯರಿನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ) ಎಂಸಿಬಿಗೆ ಹೋಗಬೇಕು. ಅಲ್ಲಿಂದ ಎರಡು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು, ಎರಡೂ 40 ಆಂಪಿಯರ್ ಹೊರುವ, 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವಂಥವು. ಒಂದರ ಕೆಳಗೆ ಅಡುಗೆಮನೆ, ಬಚ್ಚಲು, ಮೋಟರು. ಇನ್ನೊಂದರ ಕೆಳಗೆ ಲೈಟುಗಳು, ಮಲಗುವ ಕೋಣೆಗಳು. ಒಂದೇ ಹಾಕಿದರೆ ಬಚ್ಚಲಲ್ಲಿ ಸ್ವಲ್ಪ ಲೀಕೇಜ್ ಆದರೂ ಇಡೀ ಮನೆ ಕತ್ತಲು, ಆಗ ಸಿಟ್ಟಿಗೆ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ಡಬಲ್ ಪೋಲ್ ಮತ್ತು ಆರ್‌ಸಿಸಿಬಿ ಎರಡೆರಡು ಮಾಡ್ಯೂಲಿನ (ಒಂದು ಮಾಡ್ಯೂಲ್ ಎಂದರೆ ಒಂದು ಸಾಮಾನ್ಯ ಎಂಸಿಬಿಯ ಅಗಲ) ಜಾಗ ಹಿಡಿಯುತ್ತವೆ, ಅಲ್ಲಿಗೇ 6. ಲೈಟಿಗೆ 2, ಅಡುಗೆಮನೆಗೆ 2, ಗೀಸರ್, ವಾಷಿಂಗ್ ಮಷೀನ್, ಮೋಟರು, ಫ್ರಿಜ್, ಎಸಿಗೆ ಒಂದೊಂದು ಎಂದರೆ 15. ಸಿಡಿಲಿನ ಏರಿಳಿತ ತಡೆಯುವ ಎಸ್‌ಪಿಡಿಗೆ ಇನ್ನೆರಡು. 17 ಆಯಿತು. 12ರ ಪೆಟ್ಟಿಗೆ ತಂದು ಒಂದೇ ಎಂಸಿಬಿಗೆ ಎರಡು ಸಾಲು ತುರುಕುವುದು ಇಲ್ಲಿಂದಲೇ ಶುರುವಾಗುವ ತಪ್ಪು. ಒಟ್ಟು ಎಷ್ಟು ಮಾಡ್ಯೂಲ್ ಕೂರುತ್ತವೆ ಎಂದು ಕೇಳಿ, ನಾಲ್ಕು ಖಾಲಿ ಉಳಿಯುವಂಥದ್ದನ್ನು ತನ್ನಿ.

ಆರ್‌ಸಿಸಿಬಿ ಏಕೆ ಬೇಕೇ ಬೇಕು ಎಂಬುದು ಬಹಳ ಜನರಿಗೆ ತಿಳಿಯದ ಮಾತು, ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೂ ಕೂಡ. "ಅರ್ಥಿಂಗ್ ಇದೆಯಲ್ಲ, ಎಂಸಿಬಿ ಬೀಳುತ್ತೆ" ಎನ್ನುತ್ತಾರೆ. ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಎರಡೇ ಬರುವ ಮನೆಗೆ ಅರ್ಥ್ ಎಂದರೆ ಅಂಗಳದ ಗುಂಡಿ. ಆ ಗುಂಡಿಯ ತಡೆ 20 ಓಮ್ ಇದೆ ಎಂದುಕೊಳ್ಳಿ. ಗೀಸರಿನ ಕಾಯಿಲ್ ಒಡೆದು ಫೇಸ್ ಮೈಗೆ ತಾಗಿದರೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ಗೀಸರಿನ ಮೈ, ನಲ್ಲಿ, ನೀರು ಎಲ್ಲವೂ ಕರೆಂಟಿನಲ್ಲೇ ನಿಂತಿರುತ್ತವೆ. ಆರ್‌ಸಿಸಿಬಿಯಾದರೆ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 0.03 ಆಂಪಿಯರ್ ವ್ಯತ್ಯಾಸ ಬಂದೊಡನೆ 0.3 ಸೆಕೆಂಡಿನೊಳಗೆ, ಲೀಕೇಜ್ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಬೀಳುತ್ತದೆ. ಆದರೆ ಅದಕ್ಕೆ ಓವರ್‌ಲೋಡ್ ಗೊತ್ತಾಗುವುದಿಲ್ಲ. ಎರಡೂ ಬೇಕು.

ಹಳೆ ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ದಿನವೇ ಅದು ನಿಲ್ಲದೆ ಬೀಳತೊಡಗುವುದು ಸಾಮಾನ್ಯ. "ಪೀಸ್ ಸರಿ ಇಲ್ಲ" ಎಂದರೆ ಒಪ್ಪಬೇಡಿ. ಮುಕ್ಕಾಲು ಪಾಲು ಕಾರಣ ನ್ಯೂಟ್ರಲ್. ಹಳೆಯ ವೈರಿಂಗಿನಲ್ಲಿ ಒಂದು ಕೋಣೆಯ ಫೇಸಿಗೆ ಪಕ್ಕದ ಕೋಣೆಯ ನ್ಯೂಟ್ರಲ್ ಕೊಟ್ಟಿರುತ್ತಾರೆ, ಮೆಟ್ಟಿಲಿನ ಎರಡು ಕಡೆ ಸ್ವಿಚ್ಚಿನಲ್ಲಂತೂ ಖಂಡಿತ. ಎರಡು ಆರ್‌ಸಿಸಿಬಿಗೆ ಎರಡು ಬೇರೆ ನ್ಯೂಟ್ರಲ್ ಬಾರ್ ಇರಬೇಕು, ಎಲ್ಲೂ ಬೆರೆಯಬಾರದು. ಇನ್ವರ್ಟರ್ ಇದ್ದರೆ ಅದರ ಸಾಲುಗಳ ನ್ಯೂಟ್ರಲ್ಲೂ ಪೂರ್ತಿ ಬೇರೆ ಎಳೆದು, ಇನ್ವರ್ಟರಿನ ಆಚೆಗೆ ಇನ್ನೊಂದು ಆರ್‌ಸಿಸಿಬಿ ಕೊಡಿ.

ಇನ್ನೆರಡು ಹಳೇ ಕಾಯಿಲೆಗಳನ್ನು ಹುಡುಕಿ ತೆಗೆಸಿ. ಕಬ್ಬಿಣದ ಡಬಲ್ ಪೋಲ್ ಮೇನ್ ಸ್ವಿಚ್ಚಿನೊಳಗೆ ನ್ಯೂಟ್ರಲಿಗೂ ಒಂದು ಫ್ಯೂಸ್ ಇರುತ್ತದೆ. ಅದು ಹೋದರೆ ಮನೆಯೆಲ್ಲ ಆರಿದಂತೆ ಕಾಣುತ್ತದೆ, ಫೇಸ್ ಮಾತ್ರ ಪ್ರತಿ ಹೋಲ್ಡರಿನಲ್ಲೂ ಜೀವಂತ. ಎರಡನೆಯದು, ಅರ್ಥಿಂಗ್ ಇಲ್ಲದ ಮನೆಯಲ್ಲಿ ಮೂರು ಪಿನ್ ಸಾಕೆಟ್ ಕೂರಿಸಿ, ಅರ್ಥ್ ಪಿನ್ನಿಗೆ ನ್ಯೂಟ್ರಲಿನಿಂದ ತುಂಡು ವೈರು ಕೊಟ್ಟಿರುವುದು. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ಆ ತುಂಡಿನ ಮೂಲಕ ಫ್ರಿಜ್ಜಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಪ್ರತಿ ಸಾಕೆಟ್ಟನ್ನೂ ಬಿಚ್ಚಿಸಿ ನೋಡಿ.

ಹಿಂದೆ ನೀರಿನ ಕಬ್ಬಿಣದ ಕೊಳವೆಗೇ ಅರ್ಥ್ ಕಟ್ಟುತ್ತಿದ್ದರು. ನಲ್ಲಿ ಕೆಲಸ ಮಾಡಿಸಿ ನಡುವೆ ಪ್ಲಾಸ್ಟಿಕ್ ಕೊಳವೆ ಹಾಕಿದ್ದರೆ ಆ ಅರ್ಥ್ ಅಂದೇ ಸತ್ತಿದೆ. ಹೊಸ ಗುಂಡಿ ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರ ಇರಲಿ, 40 ಮಿ.ಮೀ. ವ್ಯಾಸದ 2.5 ಮೀಟರ್ ಜಿಐ ಪೈಪು, ಸುತ್ತ ಇದ್ದಿಲು ಉಪ್ಪಿನ ಪದರ, ಮೇಲೆ ನೀರು ಹಾಕಲು ಬಾಯಿ, ಮುಚ್ಚಳದ ಚಿಕ್ಕ ತೊಟ್ಟಿ. ಉಪ್ಪು ತಡೆ ಇಳಿಸುತ್ತದೆ, ಪೈಪನ್ನೂ ತಿನ್ನುತ್ತದೆ. ಜಾಗ ಕಡಿಮೆ ಇದ್ದರೆ ಉಪ್ಪಿಲ್ಲದ ಪುಡಿ ತುಂಬಿದ, ತಾಮ್ರ ಲೇಪದ ರಾಡು ಒಳ್ಳೆಯದು. ಅಳೆಯುವುದು ಏಪ್ರಿಲ್ ಬಿಸಿಲಲ್ಲಿ. ಮಳೆಗಾಲದಲ್ಲಿ ಯಾವ ಗುಂಡಿಯೂ ಚೆನ್ನಾಗಿಯೇ ಓದಿಸುತ್ತದೆ.

ಗೋಡೆ ಮಣ್ಣಿನದೋ ಸುಣ್ಣದ ಗಾರೆಯದೋ ಆಗಿದ್ದರೆ ಕಟ್ಟರ್ ಹಾಕಿ ಕೊರೆಸಬೇಡಿ, ಅಡ್ಡ ಸೀಳಂತೂ ಬೇಡವೇ ಬೇಡ. ರೀಪರ್ ಇದ್ದ ದಾರಿಯಲ್ಲೇ ಪಿವಿಸಿ ಕೇಸಿಂಗ್ ಕ್ಯಾಪಿಂಗ್ (ವೈರು ಒಳಗಿಟ್ಟು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ಅಂದವಾಗಿಯೇ ಕೂರುತ್ತದೆ, ಮುಂದೆ ರಿಪೇರಿಯೂ ಸುಲಭ. ಅಟ್ಟದ ಮೇಲೆ ಹಾಯುವ ಕಡೆ ಮಾತ್ರ ಗಟ್ಟಿ ಕೊಳವೆಯೊಳಗೆ ಹೋಗಲಿ, ಬಿಡಿ ವೈರನ್ನು ಇಲಿ ಬಿಡುವುದಿಲ್ಲ.

ಕೆಲಸಕ್ಕೆ ಮುಂಚೆ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೆ ಮನೆಗಳಲ್ಲಿ 1 ಅಥವಾ 2 ಕಿಲೋವಾಟ್ ಇರುವುದುಂಟು, ನಿಮ್ಮ ಗೀಸರ್ ಒಂದೇ ಎರಡು. ಲೋಡ್ ಹೆಚ್ಚಿಸಲು ಆರ್‌ಆರ್ ನಂಬರ್ ಕೊಟ್ಟು ಸೆಸ್ಕ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಲೈಸೆನ್ಸ್ ಇರುವ ಕಂಟ್ರಾಕ್ಟರನ್ನೇ ಹಿಡಿಯಿರಿ, ಕೆಲಸ ಮುಗಿದ ವರದಿಗೆ ಅವರ ಸಹಿ ಬೇಕಾಗುತ್ತದೆ. ತಿಂಗಳ ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ, ಏರಲಿ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ನಾನು ಹೇಳುವ ಕ್ರಮ ಇದು: ಮೊದಲು ಅರ್ಥ್ ಗುಂಡಿ, ಡಿಬಿ, ಆರ್‌ಸಿಸಿಬಿ, ಜೊತೆಗೇ ಗೀಸರಿಗೂ ಅಡುಗೆಮನೆಗೂ ಡಿಬಿಯಿಂದ ನೇರ ಹೊಸ ಸಾಲು. ಹಳೇ ವೈರು ಉಳಿಯುವ ಕೋಣೆಗಳಿಗೆ 6 ಆಂಪಿಯರ್ ಎಂಸಿಬಿ ಮಾತ್ರ, ಅಲ್ಲಿ ಇಸ್ತ್ರಿ ಪೆಟ್ಟಿಗೆ ಬೇಡ. ಆಮೇಲೆ ಅನುಕೂಲವಾದಂತೆ ಒಂದೊಂದೇ ಕೋಣೆ.

ಕೊನೆಯ ಕಂತು ಕೊಡುವ ಮುಂಚೆ ನಾಲ್ಕು ಪರೀಕ್ಷೆ ನಿಮ್ಮೆದುರೇ ಆಗಲಿ. ಎಲ್ಲ ಉಪಕರಣ ಕಿತ್ತು, ಎಸ್‌ಪಿಡಿಯನ್ನೂ ಬಿಡಿಸಿ 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆಯ ತಡೆ ಅಳೆಯುವ ಸಾಧನ) ಹಾಕಿದರೆ ಪ್ರತಿ ಸಾಲೂ 1 ಮೆಗಾ ಓಮಿಗಿಂತ ಹೆಚ್ಚು ತೋರಿಸಬೇಕು. ಹೊಸ ವೈರಾದರೆ ಅದಕ್ಕಿಂತ ಬಹಳ ಮೇಲಿರುತ್ತದೆ. ಅರ್ಥ್ ಟೆಸ್ಟರಿನ ಓದನ್ನು ತಾರೀಖಿನೊಡನೆ ಡಿಬಿ ಬಾಗಿಲ ಒಳಗೆ ಬರೆಸಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿಸಿ, ಆಮೇಲೆ ತಿಂಗಳಿಗೊಮ್ಮೆ ನೀವೇ ಒತ್ತುತ್ತಿರಿ. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ ಮೂರನ್ನೂ ಅರ್ಧ ಗಂಟೆ ಉರಿಸಿ, ಡಿಬಿಯ ಹೊರ ಬಾಗಿಲು ತೆರೆದು ಎಂಸಿಬಿಗಳ ಪ್ಲಾಸ್ಟಿಕ್ ಮುಖದ ಮೇಲೆ ಕೈಯ ಹಿಂಭಾಗ ಇಟ್ಟು ನೋಡಿ. ಯಾವುದೋ ಒಂದು ಮಾತ್ರ ಪಕ್ಕದ್ದಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ಒಳಗೆ ಸ್ಕ್ರೂ ಸಡಿಲವಿರಬಹುದು. ಮೇನ್ ಆಫ್ ಮಾಡಿಸಿ ಬಿಗಿ ಮಾಡಿಸದೆ ಅವರನ್ನು ಕಳಿಸಬೇಡಿ.